ಕೆಲಸ ಹೋದ ವರ್ಷ ಪಿತೃಪಕ್ಷಕ್ಕೆ ಊರಿಗೆ ಹೋಗುವುದು, ದಸರೆಗೆ ನೆಂಟರನ್ನು ಕರೆಯುವುದು ಹೇಗೆ?

ಪ್ರಶ್ನೆ: ಕೂರ್ಗಳ್ಳಿ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕೂರ್ಗಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಹಲವು ವರ್ಷಗಳಿಂದ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಈ ವರ್ಷ ಯುಗಾದಿಯಾದ ಮೇಲೆ, ಆರ್ಡರುಗಳು ಕಡಿಮೆಯಾದವೆಂದು ಒಂದು ಪಾಳಿಯನ್ನೇ ನಿಲ್ಲಿಸಿ, ಆ ಪಾಳಿಯಲ್ಲಿದ್ದ ನಮ್ಮೆಲ್ಲರ ಲೆಕ್ಕ ಚುಕ್ತಾ ಮಾಡಿ ಕಳುಹಿಸಿದರು. ಅಂದಿನಿಂದ ಬೇರೆ ಕೆಲಸ ಹುಡುಕುತ್ತಿದ್ದೇನೆ. ಸಂದರ್ಶನಕ್ಕೆ ಕರೆಯುತ್ತಾರೆ, ವಯಸ್ಸು ನಲವತ್ತು ದಾಟಿದೆ ಎಂದು ತಿಳಿದ ಮೇಲೆ ‘ತಿಳಿಸುತ್ತೇವೆ’ ಎಂದು ಹೇಳಿ ಸುಮ್ಮನಾಗುತ್ತಾರೆ. ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಹೇಗೋ ಉಳಿತಾಯದಲ್ಲಿ ನಡೆಯುತ್ತಿದೆ. ಅದನ್ನು ಕೇಳಲು ನಾನು ಇಲ್ಲಿ ಬರೆಯುತ್ತಿಲ್ಲ. ನನ್ನನ್ನು ಕಾಡುತ್ತಿರುವುದು ಮುಂದೆ ಬರುತ್ತಿರುವ ಹಬ್ಬಗಳು.

ನಮ್ಮ ಊರು ಮಳವಳ್ಳಿ ತಾಲ್ಲೂಕಿನಲ್ಲಿದೆ. ಮಹಾಲಯ ಅಮಾವಾಸ್ಯೆಯಂದು ಅಣ್ಣನ ಮನೆಯಲ್ಲಿ ತಂದೆಯವರಿಗೂ ಹಿಂದಿನ ಹಿರಿಯರಿಗೂ ಎಡೆ ಇಡುತ್ತೇವೆ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಚಿಕ್ಕಪ್ಪನ ಮನೆಯವರು ಎಲ್ಲರೂ ಒಟ್ಟಿಗೆ ಕೂಡುವುದು ವರ್ಷದಲ್ಲಿ ಆ ಒಂದು ದಿನವೇ. ಎಡೆಗೆ ಇಡುವ ಹೊಸ ಪಂಚೆ ಸೀರೆಗಳಿಂದ ಹಿಡಿದು ಮಾಂಸ, ಕಜ್ಜಾಯದ ಬೆಲ್ಲದವರೆಗೆ ಎಲ್ಲ ಖರ್ಚನ್ನೂ ಗಂಡುಮಕ್ಕಳು ಪಾಲು ಹಾಕಿಕೊಳ್ಳುತ್ತೇವೆ. ಮೈಸೂರಿನಲ್ಲಿ ತಿಂಗಳ ಸಂಬಳ ಬರುವವನೆಂದು ನಾನು ನನ್ನ ಪಾಲಿಗಿಂತ ಒಂದಿಷ್ಟು ಹೆಚ್ಚೇ ಕೊಡುತ್ತಾ ಬಂದಿದ್ದೇನೆ. ಕೆಲಸ ಹೋದ ವಿಷಯವನ್ನು ಊರಿನಲ್ಲಿ ಯಾರಿಗೂ ಹೇಳಿಲ್ಲ. ತಾಯಿಯವರು ಫೋನಿನಲ್ಲಿ ‘ಪಾಳಿ ಮುಗಿಯಿತೇನಪ್ಪಾ’ ಎಂದು ಕೇಳುತ್ತಾರೆ. ನಾನು ‘ಹೂಂ’ ಎನ್ನುತ್ತೇನೆ.

ಅಮಾವಾಸ್ಯೆಯ ಮರುದಿನದಿಂದ ನವರಾತ್ರಿ. ಮೈಸೂರಿನಲ್ಲಿ ಮನೆಯಿರುವವರಿಗೆ ದಸರೆ ಎಂದರೆ ನೆಂಟರು ಬರುವ ಕಾಲ. ದೀಪಾಲಂಕಾರ, ವಸ್ತುಪ್ರದರ್ಶನ, ಕೊನೆಗೆ ಜಂಬೂಸವಾರಿ ನೋಡಲು ತಂಗಿಯ ಮನೆಯವರೂ ಭಾವಮೈದುನನ ಮನೆಯವರೂ ನಮ್ಮಲ್ಲಿಯೇ ಉಳಿಯುತ್ತಾರೆ. ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ಯಂತ್ರಗಳಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಪ್ರತಿಯೊಬ್ಬರಿಗೂ ಸಿಹಿಯ ಪೊಟ್ಟಣವನ್ನೂ ಒಂದು ಸ್ಟೀಲ್ ಡಬ್ಬಿಯನ್ನೂ ಕೊಡುತ್ತಿದ್ದರು. ನಮ್ಮ ಅಡುಗೆಮನೆಯ ಗೂಡಿನಲ್ಲಿ ಇಸವಿ ಕೊರೆದ ಆ ಡಬ್ಬಿಗಳು ಸಾಲಾಗಿ ಇವೆ. ಬಂದ ನೆಂಟರು ‘ಈ ಸಲ ಏನು ಕೊಟ್ಟರು’ ಎಂದು ಕೇಳಿ ಡಬ್ಬಿಯನ್ನು ಕೈಗೆತ್ತಿಕೊಂಡು ನೋಡುವುದು ರೂಢಿಯಾಗಿಬಿಟ್ಟಿದೆ.

ಇದಕ್ಕಿಂತ ಒಳಗಿನ ಮಾತೊಂದಿದೆ. ನಾನು ದೇವರನ್ನು ನಂಬಿದವನು. ಶನಿವಾರ ಆಂಜನೇಯನ ಗುಡಿಗೆ ಹೋಗುವುದನ್ನು ಬಿಟ್ಟವನಲ್ಲ. ಈಗ ಕೈಮುಗಿದು ನಿಂತರೆ ಕೆಲಸದ ಬೇಡಿಕೆಯೊಂದನ್ನು ಬಿಟ್ಟು ಬೇರೇನೂ ಮನಸ್ಸಿಗೆ ಬರುವುದಿಲ್ಲ, ಆಮೇಲೆ ಕೇಳಿದ್ದಕ್ಕೂ ಬೇಸರವಾಗುತ್ತದೆ. ಪರಿಚಯದವರೊಬ್ಬರು ಸಾಡೇಸಾತಿ ಇರಬೇಕೆಂದು ಹೇಳಿ ಶನಿಶಾಂತಿ ಹೋಮ ಮಾಡಿಸಲು ಒತ್ತಾಯಿಸುತ್ತಿದ್ದಾರೆ; ಅದಕ್ಕೆ ಹೇಳಿದ ಮೊತ್ತ ನಮ್ಮ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು. ನನ್ನ ಹೆಂಡತಿ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನಿಂದ ಹತ್ತುವ ಹರಕೆ ಹೊತ್ತಿದ್ದಾಳೆ. ಊರಿಗೆ ಹೋಗಬೇಕೇ, ಹೋದರೆ ಏನು ಹೇಳಬೇಕು, ಪಾಲಿನ ಹಣಕ್ಕೆ ಸಾಲ ಮಾಡಬೇಕೇ? ತಾಯಿಯಿಂದ ವಿಷಯ ಮುಚ್ಚಿಟ್ಟುಕೊಂಡು ತಂದೆಯ ಎಡೆಯ ಮುಂದೆ ಧೂಪ ಹಾಕಿದರೆ ಅದು ಸಲ್ಲುತ್ತದೆಯೇ? ತಿಳಿದವರು, ಇಂಥ ಕಾಲವನ್ನು ಕಂಡವರು ದಯವಿಟ್ಟು ಬರೆಯಿರಿ.

ಉತ್ತರ: ನಿವೃತ್ತ ಶಿಕ್ಷಕಿ, ಮಂಡ್ಯ

ನಿಮ್ಮ ಅಕ್ಕನ ವಯಸ್ಸಿನವಳೆಂದು ತಿಳಿದು ಬರೆಯುತ್ತಿದ್ದೇನೆ. ಊರಿಗೆ ಹೋಗಿ. ಆದರೆ ಹಬ್ಬದ ದಿನ ಹೋಗಿ ಎಲ್ಲರ ನಡುವೆ ಹೇಳುವುದು ಬೇಡ. ಅದಕ್ಕೆ ಮುಂಚೆಯೇ ಅಣ್ಣನವರಿಗೆ ಫೋನು ಮಾಡಿ, ಅವರು ಒಬ್ಬರೇ ಇರುವ ಹೊತ್ತು ನೋಡಿ, ಇರುವುದನ್ನು ಇದ್ದ ಹಾಗೆ ತಿಳಿಸಿಬಿಡಿ. ಮನೆಯ ಹಿರಿಯ ಮಗನಿಗೆ ವಿಷಯ ಮೊದಲು ಗೊತ್ತಿದ್ದರೆ ಪಾಲಿನ ಲೆಕ್ಕವೂ ನಾಲ್ಕು ಜನರ ಮುಂದೆ ಬರುವುದಿಲ್ಲ, ಚಿಕ್ಕಪ್ಪನವರ ಪ್ರಶ್ನೆಗಳನ್ನೂ ಅವರೇ ತಡೆಯುತ್ತಾರೆ. ತಾಯಿಯವರಿಗೆ ಮಾತ್ರ ಫೋನಿನಲ್ಲಿ ಹೇಳಬೇಡಿ. ಹಿಂದಿನ ದಿನ ಸಂಜೆಯೇ ಊರು ಸೇರಿಕೊಂಡು, ಅವರ ಪಕ್ಕದಲ್ಲಿ ಕುಳಿತು ಹೇಳಿ. ಅಷ್ಟು ದೂರದಿಂದ ಕೇಳಿದ ತಾಯಿಗೆ ಮಗ ಊಟ ಮಾಡುತ್ತಿದ್ದಾನೋ ಇಲ್ಲವೋ ಎಂಬುದೇ ಯೋಚನೆಯಾಗುತ್ತದೆ. ಎದುರಿಗೆ ಕುಳಿತ ಮಗನನ್ನು ಕಣ್ಣಾರೆ ನೋಡಿದರೆ ಅರ್ಧ ಆತಂಕ ಅಲ್ಲಿಯೇ ಇಳಿಯುತ್ತದೆ.

ನಿಮ್ಮ ಮಾತಿನಲ್ಲಿ ನನಗೆ ಬಹಳ ನೋವಾಗಿದ್ದು ನಾಚಿಕೆಯ ವಿಷಯ. ನಮ್ಮ ಜಿಲ್ಲೆಯಲ್ಲಿ ವರಮಾನ ನಿಂತುಹೋಗುವುದನ್ನು ಕಾಣದ ಮನೆ ಯಾವುದಿದೆ? 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತನ್ನ ಪೂರ್ಣ ಮಟ್ಟವಾದ 124.80 ಅಡಿಯನ್ನು ಮುಟ್ಟಲೇ ಇಲ್ಲ. ನಾಲೆಯ ನೀರನ್ನು ನಂಬಿದ್ದ ಎಷ್ಟೋ ಜನರ ಬೆಳೆ ಅರ್ಧಕ್ಕೇ ನಿಂತಿತು. 1933ರಲ್ಲಿ ಆರಂಭವಾದ ಮಂಡ್ಯದ ಸಕ್ಕರೆ ಕಾರ್ಖಾನೆ ಕೆಲವು ವರ್ಷ ಅರೆಯುವುದನ್ನೇ ನಿಲ್ಲಿಸಿದ್ದಾಗ, ಕಬ್ಬನ್ನು ಕಡಿದು ಎಲ್ಲಿಗೆ ಸಾಗಿಸಬೇಕೆಂದು ತಿಳಿಯದೆ ರೈತರು ಪಟ್ಟ ಪಾಡನ್ನು ನಾವೆಲ್ಲ ನೋಡಿದ್ದೇವೆ. ಆ ವರ್ಷಗಳಲ್ಲಿ ಯಾವ ರೈತನೂ ತನ್ನ ತಾಯಿಯ ಮುಂದೆ ಮುಖ ಮುಚ್ಚಿಕೊಳ್ಳಲಿಲ್ಲ, ಏಕೆಂದರೆ ಮಳೆ ಬಾರದಿರುವುದು ಅವನ ತಪ್ಪಲ್ಲವೆಂದು ಊರಿಗೇ ಗೊತ್ತಿತ್ತು. ಆರ್ಡರು ಬಾರದೆ ಪಾಳಿ ನಿಂತದ್ದು ನಿಮ್ಮ ತಪ್ಪು ಹೇಗಾಗುತ್ತದೆ? ಬೇಸಾಯದ ಮನೆಯಲ್ಲಿ ಹುಟ್ಟಿದ ನಿಮ್ಮ ಅಣ್ಣನಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಬೀಳಲಾರದು.

ಉಳಿದ ನೆಂಟರು ‘ಕೆಲಸ ಹೇಗಿದೆ’ ಎಂದು ಕೇಳಿಯೇ ಕೇಳುತ್ತಾರೆ. ‘ನಮ್ಮ ಪಾಳಿ ನಿಂತಿದೆ, ಬೇರೆ ಕಡೆ ನೋಡುತ್ತಿದ್ದೇನೆ, ತಪಾಸಣೆ ಕೆಲಸಕ್ಕೆ ಜನ ಬೇಕೆಂದು ಎಲ್ಲಾದರೂ ಕಿವಿಗೆ ಬಿದ್ದರೆ ತಿಳಿಸಿ’ ಎಂದು ಹೇಳಿ ಅಲ್ಲಿಗೆ ನಿಲ್ಲಿಸಿ. ನಂಜನಗೂಡು, ಹೆಬ್ಬಾಳು, ತೂಬಿನಕೆರೆ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ನಿಮ್ಮ ನೆಂಟರಲ್ಲಿಯೇ ಇರಬಹುದು. ಅವರಿಗೆ ಗೊತ್ತಾಗದೆ ಅವರು ಸಹಾಯ ಮಾಡುವುದಾದರೂ ಹೇಗೆ? ಪಾಲಿಗಾಗಿ ಸಾಲ ಮಾಡಬೇಡಿ, ಮನೆಯವರ ಒಡವೆಯನ್ನು ಗಿರವಿ ಇಡುವುದಂತೂ ಖಂಡಿತ ಬೇಡ. ಕೈಲಾದಷ್ಟು ಕೊಡಿ, ಉಳಿದದ್ದಕ್ಕೆ ದುಡಿಮೆ ಕೊಡಿ: ಮನೆ ಸಾರಿಸುವುದು, ಸಂತೆಯ ಸಾಮಾನು ತರುವುದು, ಎಲೆ ಹಾಕಿ ಬಡಿಸುವುದು ಇವುಗಳಿಗೆ ಆ ದಿನ ಎಷ್ಟು ಕೈ ಇದ್ದರೂ ಸಾಲದು.

ಉತ್ತರ: ಕಾವೇರಿ ತೀರದವ, ಶ್ರೀರಂಗಪಟ್ಟಣ

ಹಿಂದಿನ ಉತ್ತರದಲ್ಲಿ ಮನೆಯವರ ವಿಚಾರ ಬಂದಿದೆ. ನಾನು ಪೂಜೆಯ ವಿಚಾರವನ್ನಷ್ಟೇ ಬರೆಯುತ್ತೇನೆ. ನಮ್ಮ ಊರಿನ ಪಶ್ಚಿಮವಾಹಿನಿಗೂ ಸಂಗಮಕ್ಕೂ ಪಿತೃಕಾರ್ಯಕ್ಕೆಂದು ಬರುವವರನ್ನು ಚಿಕ್ಕಂದಿನಿಂದ ನೋಡುತ್ತಾ ಬೆಳೆದವನು ನಾನು. ಕಾರಿನಲ್ಲಿ ಬಂದವರೂ ಬಸ್ಸಿನಲ್ಲಿ ಬಂದವರೂ ನೀರಿಗಿಳಿದಾಗ ಬಿಡುವುದು ಅದೇ ಎಳ್ಳು, ಅದೇ ನೀರು.

ಕೈಯಲ್ಲಿ ಹಣವಿಲ್ಲದವನು ಹಿರಿಯರಿಗೆ ಏನು ಮಾಡಬೇಕೆಂಬ ಪ್ರಶ್ನೆ ನಿಮಗೆ ಮಾತ್ರ ಬಂದದ್ದಲ್ಲ, ಬಹಳ ಹಿಂದೆಯೇ ಬಂದಿದೆ. ವಿಷ್ಣುಪುರಾಣದ ಮೂರನೆಯ ಅಂಶದಲ್ಲಿ ಔರ್ವ ಋಷಿಯು ಸಗರ ರಾಜನಿಗೆ ಶ್ರಾದ್ಧದ ವಿಧಿಯನ್ನು ಹೇಳುವಾಗ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಹೋಗುತ್ತಾನೆ. ಉಳ್ಳವನು ವಸ್ತ್ರ, ಧನಗಳನ್ನು ಕೊಡಲಿ. ಇಲ್ಲದವನು ತನ್ನ ಶಕ್ತಿಯಿದ್ದಷ್ಟು ಅನ್ನವನ್ನು ಕೊಡಲಿ. ಅದೂ ಆಗದಿದ್ದರೆ ಕೆಲವು ಎಳ್ಳುಕಾಳನ್ನು ನೀರಿನೊಂದಿಗೆ ಬಿಡಲಿ. ಅದಕ್ಕೂ ಗತಿಯಿಲ್ಲದಿದ್ದರೆ ಎಲ್ಲಿಂದಾದರೂ ಒಂದು ದಿನದ ಮೇವು ತಂದು ಹಸುವಿಗೆ ಹಾಕಲಿ. ಏನೂ ಇಲ್ಲದವನು ಕಾಡಿಗೆ ಹೋಗಿ ಸೂರ್ಯನ ಎದುರು ಎರಡೂ ತೋಳುಗಳನ್ನು ಎತ್ತಿ, ನನ್ನ ಬಳಿ ಹಣವಿಲ್ಲ, ಶ್ರಾದ್ಧಕ್ಕೆ ಬೇಕಾದ ಯಾವ ವಸ್ತುವೂ ಇಲ್ಲ, ಪಿತೃಗಳಿಗೆ ನಮಸ್ಕರಿಸುತ್ತೇನೆ, ನನ್ನ ಭಕ್ತಿಯಿಂದಲೇ ಅವರು ತೃಪ್ತರಾಗಲಿ ಎಂದು ಗಟ್ಟಿಯಾಗಿ ಹೇಳಿದರೆ ಸಾಕೆಂದಿದೆ. ಇಲ್ಲವೆಂಬುದನ್ನು ಬಾಯಿಬಿಟ್ಟು ಹೇಳುವುದೇ ಅಲ್ಲಿ ವಿಧಿಯ ಭಾಗವಾಗಿದೆ ಎಂಬುದನ್ನು ಗಮನಿಸಿ. ನಿಮ್ಮ ಮನೆಯ ಕ್ರಮ ಬೇರೆ, ಎಡೆಯ ಪದ್ಧತಿ ಬೇರೆ ಎಂದು ನಾನು ಬಲ್ಲೆ. ಆದರೂ ತಂದೆಯವರ ಮುಂದೆ ‘ಈ ವರ್ಷ ನನಗೆ ಕೆಲಸವಿಲ್ಲ’ ಎಂದು ಹೇಳಿ ಧೂಪ ಹಾಕಿದರೆ ಅದು ಸಲ್ಲುವುದಿಲ್ಲವೆನ್ನಲು ಯಾವ ಶಾಸ್ತ್ರವೂ ಇಲ್ಲ.

ಶನಿಶಾಂತಿಯ ಮಾತನ್ನು ಕೇಳಿ ನನಗೆ ನಿಜವಾಗಿಯೂ ಕೋಪ ಬಂದಿತು. ಸಾಡೇಸಾತಿ ಎಂದರೆ ಏಳೂವರೆ ವರ್ಷ. ಶನಿಯು ಒಂದೊಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುವುದರಿಂದ, ಯಾವ ಕಾಲದಲ್ಲಿ ಲೆಕ್ಕ ಹಾಕಿದರೂ ಹನ್ನೆರಡರಲ್ಲಿ ಮೂರು ರಾಶಿಯವರು ಅದರೊಳಗೆ ಇದ್ದೇ ಇರುತ್ತಾರೆ. ನಿಮ್ಮ ಪಾಳಿಯಲ್ಲಿದ್ದ ಎಲ್ಲರೂ ಅದೇ ಮೂರು ರಾಶಿಯವರಾಗಿದ್ದರೇ ಎಂದು ಆ ಪರಿಚಯದವರನ್ನು ಕೇಳಿ. ಬಾಡಿಗೆಯ ಹಣವನ್ನು ಹೋಮಕ್ಕೆ ಹಾಕಬೇಡಿ. ನಿಮ್ಮ ಮನೆಯವರ ಹರಕೆಯಾದರೋ ಯಾರಿಗೂ ಹಣ ಕೊಡಬೇಕಾಗಿಲ್ಲದ ಹರಕೆ: ಬೆಟ್ಟಕ್ಕೆ ಸಾವಿರದಷ್ಟು ಮೆಟ್ಟಿಲುಗಳಿವೆ, ದಾರಿಯಲ್ಲಿ ದೊಡ್ಡದೇವರಾಜ ಒಡೆಯರ ಕಾಲದ ನಂದಿಯಿದೆ, ಬೆಳಗಿನ ಜಾವ ಹೊರಟರೆ ಬಿಸಿಲೂ ಇರುವುದಿಲ್ಲ. ಅವರನ್ನು ಒಬ್ಬರನ್ನೇ ಕಳುಹಿಸದೆ ನೀವೂ ಜೊತೆಗೆ ಹತ್ತಿ.

ದೇವರ ಮುಂದೆ ಕೆಲಸವನ್ನು ಬಿಟ್ಟು ಬೇರೇನೂ ನೆನಪಾಗುವುದಿಲ್ಲವೆಂದು ಬರೆದಿದ್ದೀರಿ. ಬೇಡುವುದು ಕಡಿಮೆ ದರ್ಜೆಯ ಭಕ್ತಿ ಎಂಬ ಭಾವನೆ ನಿಮ್ಮಲ್ಲಿ ಇದ್ದಂತಿದೆ. ಗೀತೆಯ ಏಳನೆಯ ಅಧ್ಯಾಯದಲ್ಲಿ ತನ್ನನ್ನು ಭಜಿಸುವ ನಾಲ್ಕು ಬಗೆಯ ಜನರನ್ನು ಕೃಷ್ಣನು ಎಣಿಸುವಾಗ ಮೊದಲು ಹೇಳುವುದೇ ಸಂಕಟಕ್ಕೆ ಸಿಕ್ಕಿದ ಆರ್ತನನ್ನು. ಧನವನ್ನು ಬಯಸಿ ಬರುವವನೂ ಆ ಪಟ್ಟಿಯಲ್ಲಿದ್ದಾನೆ. ಜ್ಞಾನಿಯನ್ನು ಮಿಗಿಲೆಂದರೂ ಉಳಿದವರನ್ನೂ ಉದಾರರೆಂದೇ ಕರೆದಿದ್ದಾನೆ. ಆದ್ದರಿಂದ ಕೇಳಿ, ಸಂಕೋಚವಿಲ್ಲದೆ ಕೇಳಿ.

ಇನ್ನೊಂದು ಮಾತು. ಆಯುಧಪೂಜೆಯ ದಿನ ಡಬ್ಬಿ ಬರಲಿಲ್ಲವೆಂದು ಪೂಜೆಯನ್ನು ಬಿಡಬೇಡಿ. ತಪಾಸಣೆಯವರ ಬಳಿ ಅಳತೆ ನೋಡುವ ಸ್ವಂತದ ವರ್ನಿಯರ್ ಕ್ಯಾಲಿಪರ್ ಒಂದು ಇದ್ದೇ ಇರುತ್ತದೆ. ಅದನ್ನು ಒರೆಸಿ ಮಕ್ಕಳ ಪುಸ್ತಕಗಳ ಜೊತೆಗಿಟ್ಟು ಕುಂಕುಮವಿಡಿ. ಪಾಂಡವರು ಆಯುಧಗಳನ್ನು ಬನ್ನಿಮರದಲ್ಲಿ ಕಟ್ಟಿಟ್ಟು, ವಿರಾಟನ ಮನೆಯಲ್ಲಿ ಅಡುಗೆಗೂ ಕುದುರೆಲಾಯಕ್ಕೂ ದನ ಕಾಯುವುದಕ್ಕೂ ನಿಂತಿದ್ದರೆಂಬ ಕಥೆಯನ್ನು ನೆನೆದೇ ವಿಜಯದಶಮಿಯಂದು ನಾವು ಬನ್ನಿ ಕೊಡುತ್ತೇವೆ.

ಉತ್ತರ: ಬನ್ನಿಮಂಟಪದಿಂದ ಒಬ್ಬ ಗೃಹಿಣಿ

ನಾವು ಕ್ರೈಸ್ತರು, ಆದರೂ ನಿಮ್ಮ ಪ್ರಶ್ನೆ ನಮ್ಮ ಮನೆಯದೇ ಪ್ರಶ್ನೆಯಂತಿದೆ. ನನ್ನ ಗಂಡ ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿದ ವರ್ಷ ಕ್ರಿಸ್ಮಸ್ಸಿಗೆ ತವರಿಗೆ ಹೋಗುವ ಮಾತು ಬಂದಾಗ ಅವರು ಬರುವುದೇ ಇಲ್ಲವೆಂದು ಕುಳಿತಿದ್ದರು. ಕೊನೆಗೆ ಹೋದೆವು. ನಾನು ಹೇಳಬೇಕೆಂದಿರುವುದು ಅಲ್ಲಿ ಕಂಡ ಒಂದು ಸಂಗತಿಯನ್ನು. ಗಂಡಸರು ಅಂಗಳದಲ್ಲಿ ಕುಳಿತು ರಾಜಕೀಯ ಮಾತನಾಡಿಕೊಂಡಿದ್ದರು. ಪ್ರಶ್ನೆಗಳೆಲ್ಲ ಬಂದದ್ದು ಅಡುಗೆಮನೆಯಲ್ಲಿ, ಕಲ್ಕಲ್ಸ್ ಕರಿಯುತ್ತಾ ನಿಂತಿದ್ದ ನನ್ನ ಮೇಲೆ. ‘ಅವರಿಗೆ ರಜೆ ಎಷ್ಟು ದಿನ’ ಎಂದು ಅತ್ತಿಗೆ ಕೇಳಿದರೆ ಏನು ಹೇಳಬೇಕೆಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರಿಂದ ನನ್ನ ಬಾಯಿಂದ ಸುಳ್ಳು ಬರಲಿಲ್ಲ, ಅವರಿಗೂ ಅವಮಾನವಾಗಲಿಲ್ಲ. ನೀವು ಏನು ಹೇಳಬೇಕೆಂದು ನಿಶ್ಚಯಿಸಿದರೂ ನಿಮ್ಮ ಹೆಂಡತಿಯ ಜೊತೆ ಕುಳಿತು, ಅದೇ ಮಾತುಗಳಲ್ಲಿ ನಿಶ್ಚಯಿಸಿ. ಮಳವಳ್ಳಿಯ ಅಡುಗೆಮನೆಯಲ್ಲಿ ಅತ್ತಿಗೆ ನಾದಿನಿಯರಿಗೆ ಉತ್ತರ ಕೊಡುವವರು ಅವರು.

ಶಿಕ್ಷಕಿಯವರ ಒಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ಕೇಳಿದ ಪ್ರತಿಯೊಬ್ಬ ನೆಂಟರಿಗೂ ವಿವರ ಹೇಳಬೇಕಾಗಿಲ್ಲ. ಕೆಲವರು ಸಹಾಯಕ್ಕಾಗಿ ಕೇಳುತ್ತಾರೆ, ಕೆಲವರು ಬೇರೆ ಮನೆಗೆ ಕೊಂಡೊಯ್ಯಲು ಕೇಳುತ್ತಾರೆ. ಯಾರು ಯಾವ ಬಗೆಯವರೆಂದು ನಿಮಗೆ ಗೊತ್ತಿದೆ. ತಾಯಿಗೂ ಒಡಹುಟ್ಟಿದವರಿಗೂ ಹೇಳಿ, ಉಳಿದವರಿಗೆ ‘ದೇವರು ನಡೆಸಿದ ಹಾಗೆ ನಡೆಯುತ್ತಿದೆ’ ಎಂದರೆ ಸಾಕು. ಅದು ಸುಳ್ಳಲ್ಲ.

ನಂಬಿಕೆಯ ಬಗ್ಗೆ ಹೇಳುವುದಾದರೆ, ಆ ವರ್ಷ ಸಂತ ಫಿಲೋಮಿನಾ ಚರ್ಚಿನಲ್ಲಿ ಪೂಜೆಗೆ ನಿಂತಾಗ ನನಗೂ ಒಳಗೆ ಏನೂ ಅನ್ನಿಸುತ್ತಿರಲಿಲ್ಲ. ಎಲ್ಲರೊಡನೆ ಪ್ರಾರ್ಥನೆಯನ್ನು ಬಾಯಿಯಲ್ಲಿ ಹೇಳುತ್ತಿದ್ದೆ, ಅಷ್ಟೆ. ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿತೋಟದ ಕೂಲಿಯವರ ಸಾಮತಿ, ಅಂದರೆ ದೃಷ್ಟಾಂತದ ಕಥೆ, ಬರುತ್ತದೆ. ಸಂಜೆ ಐದು ಗಂಟೆಯವರೆಗೂ ಪೇಟೆಯಲ್ಲಿ ನಿಂತೇ ಇದ್ದವರನ್ನು ಯಜಮಾನನು ‘ಇಲ್ಲಿ ಏಕೆ ಸುಮ್ಮನೆ ನಿಂತಿದ್ದೀರಿ’ ಎಂದು ಕೇಳಿದಾಗ, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅವರು ಹೇಳುತ್ತಾರೆ. ಸಾಮಾನ್ಯವಾಗಿ ಪ್ರಸಂಗಗಳಲ್ಲಿ ಕೊನೆಗೆ ಎಲ್ಲರಿಗೂ ಸಮನಾಗಿ ಸಿಕ್ಕ ಕೂಲಿಯ ಬಗ್ಗೆಯೇ ಮಾತನಾಡುತ್ತಾರೆ. ನನಗೆ ಆ ವರ್ಷ ಹಿಡಿದದ್ದು ಬೇರೆ: ಅವರು ಸಂಜೆಯವರೆಗೂ ಮನೆಗೆ ಹೋಗಿರಲಿಲ್ಲ, ಯಜಮಾನನೂ ಅವರನ್ನು ಸೋಮಾರಿಗಳೆಂದು ಬೈಯಲಿಲ್ಲ. ನಿಮ್ಮ ಶನಿವಾರದ ಗುಡಿಯನ್ನು ಬಿಡಬೇಡಿ. ಮನಸ್ಸು ಇಲ್ಲದಿದ್ದರೂ ಹೋಗಿ ನಿಂತು ಬನ್ನಿ.

ಉತ್ತರ: ಮಾಜಿ ಕಾರ್ಮಿಕ ಸಂಘದ ಸದಸ್ಯ, ಮೈಸೂರು

ಎರಡು ವ್ಯಾವಹಾರಿಕ ವಿಷಯಗಳು. ಮೊದಲನೆಯದು, ನಿಮ್ಮ ಸಂಬಳದಿಂದ ಇ.ಎಸ್.ಐ. ಎಂಬ ಕಾರ್ಮಿಕರ ವಿಮೆಗೆ ಹಣ ಕಡಿತವಾಗುತ್ತಿದ್ದರೆ (ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದವರಿಗೆ ಅದು ಅನ್ವಯಿಸುತ್ತದೆ) ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯ ಬಗ್ಗೆ ಇ.ಎಸ್.ಐ. ಕಚೇರಿಯಲ್ಲಿ ಕೂಡಲೇ ವಿಚಾರಿಸಿ. 2018ರಲ್ಲಿ ಆರಂಭವಾದ ಈ ಯೋಜನೆಯಲ್ಲಿ, ಕೆಲಸ ಕಳೆದುಕೊಂಡ ವಿಮಾದಾರನಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು ಗರಿಷ್ಠ 90 ದಿನಗಳವರೆಗೆ, ಜೀವಮಾನದಲ್ಲಿ ಒಮ್ಮೆ ಕೊಡುತ್ತಾರೆ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿರುವುದರಿಂದ ಸದ್ಯದ ನಿಯಮವನ್ನು ಅಲ್ಲಿಯೇ ಕೇಳಿ ತಿಳಿಯಿರಿ. ಐದು ವರ್ಷ ಸತತ ಸೇವೆಯಾಗಿದ್ದರೆ ಉಪದಾನದ (ಗ್ರಾಚ್ಯುಟಿ) ಹಣವೂ ನಿಮ್ಮ ಹಕ್ಕು. ಚುಕ್ತಾ ಮಾಡಿದ ಲೆಕ್ಕದಲ್ಲಿ ಅದು ಸೇರಿದೆಯೇ ಎಂದು ಚೀಟಿಯನ್ನು ಬಿಚ್ಚಿ ನೋಡಿ.

ಎರಡನೆಯದು ದಸರೆಯ ನೆಂಟರು. ಬರಬೇಡಿ ಎನ್ನಬೇಡಿ, ಉಳಿಯುವ ದಿನಗಳನ್ನು ಕಡಿಮೆ ಮಾಡಿಸಿ. ಜಂಬೂಸವಾರಿಗೆ ಬೆಳಗ್ಗೆ ಬಂದು ರಾತ್ರಿ ದೀಪ ನೋಡಿಕೊಂಡು ಹೊರಡಬಹುದು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ಖರ್ಚೂ ಇಲ್ಲದಿರುವುದರಿಂದ ಅವರಿಗೂ ಭಾರವಾಗುವುದಿಲ್ಲ. ಸೀಟಿನ ಟಿಕೆಟು, ಪಾಸು ಎಂದು ತಲೆ ಕೆಡಿಸಿಕೊಳ್ಳದೆ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಬೇಗ ಹೋಗಿ ಜಾಗ ಹಿಡಿಯಿರಿ; ಆನೆ ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ.

ಕೂರ್ಗಳ್ಳಿ ನಿವಾಸಿ ಬರೆದದ್ದು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಣ್ಣನಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಷ್ಟು ದಿನ ಏಕೆ ಹೇಳಲಿಲ್ಲ’ ಎಂದು ಒಮ್ಮೆ ಗದರಿದರು. ಆಮೇಲೆ ಪಾಲಿನ ಮಾತನ್ನೇ ಎತ್ತದೆ, ಅಮಾವಾಸ್ಯೆಗೆ ಎರಡು ದಿನ ಮುಂಚೆ ಬಂದು ಹಿತ್ತಿಲ ಕಡೆಯ ಗೋಡೆಗೆ ಸುಣ್ಣ ಹೊಡೆಯಲು ಕೈಜೋಡಿಸು ಎಂದರು. ತಾಯಿಯವರಿಗೆ ನಾನೇ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ನೀನು ಹೇಳಬೇಡವೆಂದು ಕೇಳಿಕೊಂಡಿದ್ದೇನೆ. ಬನ್ನಿಮಂಟಪದ ಸಹೋದರಿಯವರು ಹೇಳಿದಂತೆ ಹೆಂಡತಿಯ ಜೊತೆ ಕುಳಿತು ಮಾತನಾಡಿದಾಗ, ಆಕೆಗೆ ತವರಿನವರಿಂದ ಈಗಾಗಲೇ ಎಷ್ಟು ಪ್ರಶ್ನೆಗಳು ಬಂದಿದ್ದವೆಂದು ತಿಳಿಯಿತು. ಭಾವಮೈದುನನಿಗೂ ವಿಷಯ ತಿಳಿಸುವುದೆಂದು ಇಬ್ಬರೂ ನಿಶ್ಚಯಿಸಿದ್ದೇವೆ. ಹೋಮ ಮಾಡಿಸುವುದಿಲ್ಲವೆಂದು ಆ ಪರಿಚಯದವರಿಗೆ ಹೇಳಿಯಾಯಿತು.

ಚುಕ್ತಾ ಲೆಕ್ಕದ ಚೀಟಿಯಲ್ಲಿ ಉಪದಾನದ ಸಾಲು ಇದೆ, ಮೊತ್ತ ಸರಿಯಿದೆಯೇ ಎಂದು ತಿಳಿಯುತ್ತಿಲ್ಲ. ಮಾಜಿ ಕಾರ್ಮಿಕ ಸಂಘದವರು ಲೆಕ್ಕ ಹಾಕುವ ಕ್ರಮವನ್ನು ದಯವಿಟ್ಟು ಬರೆಯಬೇಕು.

ಉತ್ತರ: ಮಾಜಿ ಕಾರ್ಮಿಕ ಸಂಘದ ಸದಸ್ಯ, ಮೈಸೂರು

ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. ಕೊನೆಯ ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ದುಡಿದಿದ್ದರೆ ಅದನ್ನೂ ಪೂರ್ಣ ವರ್ಷವೆಂದೇ ಹಿಡಿಯಬೇಕು. ಮೊತ್ತ ಕಡಿಮೆ ಬಂದಿದ್ದರೆ ಊರಿಗೆ ಹೊರಡುವ ಮೊದಲೇ ಕಾರ್ಖಾನೆಗೆ ಒಂದು ಪತ್ರ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.